ಕಾಂಪೌಂಡ್ ಮೇಲಿನ ನಾಲ್ಕು ಪೇಂಟ್ ಡಬ್ಬಗಳು

ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಗ್ರಹಚಾರ ಕೆಟ್ಟಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ತುಮಕೂರಿನ ಶಿರಾ ಗೇಟಿನಲ್ಲಿದ್ದ ನಮ್ಮ ಬಾಡಿಗೆ ರೂಮಿನ ಮುಂದೆ ಸೈಕಲ್ ನಿಲ್ಲಿಸಿ, ನಾನು ಆಗಷ್ಟೇ ವಾಚಿಗೆ ಕೀ ಕೊಡುತ್ತಿದ್ದೆ. ತಲೆ ಎತ್ತಿದರೆ, ರಸ್ತೆ ಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ನಾಲ್ಕು ಪೇಂಟ್ ಡಬ್ಬಗಳು ಸಾಲಾಗಿ ಕೂತಿದ್ದವು. ನಾಲ್ಕರಲ್ಲೂ ಗಾಂಜಾ ಗಿಡ. ಮನೆಯ ಓನರಮ್ಮ ಚೊಂಬಿನಿಂದ ಅವಕ್ಕೆ ಅಕ್ಕಿ ತೊಳೆದ ನೀರು ಹಾಕುತ್ತಿದ್ದರು.

ಅದೇ ಗಳಿಗೆಯಲ್ಲಿ ಗಿಡಗಳ ಗ್ರಹಚಾರ ಮಾತ್ರ ಸುಧಾರಿಸಿತು.

ಗಿಡ ನನ್ನದಲ್ಲ. ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುತ್ತಾರೆಂದು ಗೊತ್ತು. ಆದರೂ ನನ್ನದಲ್ಲ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಡಿಗ್ರಿ ಮುಗಿಸಿದ ನಾವಿಬ್ಬರು ಒಂದೇ ರೂಮಿನಲ್ಲಿದ್ದೆವು. ಕೊತ್ತಗೆರೆಯ ನಾನು ಬಿ.ಎ., ಕಡಬದ ಅವನು ಬಿ.ಎಸ್ಸಿ. ಸಸ್ಯಶಾಸ್ತ್ರ. ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎಗ್ಸಾಮಿನರ್ ಇವನ ಮೊಳಕೆ ಬಾರದ ಹೆಸರುಕಾಳು ನೋಡಿ, "ನಿನ್ನ ಕೈಲಿ ಪಾಚಿನೂ ಬೆಳೆಯಲ್ಲ ಬಿಡಪ್ಪ" ಅಂದಿದ್ದರಂತೆ. ಆ ಮಾತು ಇವನ ಎದೆಯಲ್ಲಿ ಕೂತುಬಿಟ್ಟಿತ್ತು. ಬೇಲಿ ಸಾಲಲ್ಲಿ ತಾನಾಗೇ ಬೆಳೆಯುತ್ತದೆ ಎಂದು ಯಾರೋ ಹೇಳಿದ ಬೀಜವನ್ನು ಎಲ್ಲಿಂದಲೋ ತಂದ. ಸೇದುವುದಕ್ಕಲ್ಲ, ಅರ್ಧ ಬೀಡಿಗೇ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಳ್ಳುವ ಪ್ರಾಣಿ ಅವನು. ಬೆಳೆಸಿ ತೋರಿಸುವುದಕ್ಕೆ. ಯಾರಿಗೆ ತೋರಿಸುತ್ತೀಯ ಎಂದು ಕೇಳಿದರೆ ಎದ್ದು ಹೋಗಿ ಗಿಡಕ್ಕೆ ನೀರು ಹಾಕುತ್ತಿದ್ದ.

ನನಗೋ, ಮಾರ್ಕೋನಹಳ್ಳಿ ಡ್ಯಾಮಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸಕ್ಕೆ ಆಯ್ಕೆಯಾಗಿತ್ತು. ಉಳಿದಿದ್ದದ್ದು ಪೊಲೀಸ್ ವೆರಿಫಿಕೇಶನ್ ಒಂದೇ. ಒಬ್ಬ ಪೊಲೀಸಿನವರು ಬಂದು, ಈ ಹುಡುಗನ ನಡತೆ ಹೇಗೆಂದು ವಿಚಾರಿಸಿ, ಒಂದು ಕಾಗದ ಬರೆಯಬೇಕಿತ್ತು. ಅವರು ಎಂದು ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ.

"ವೆರಿಫಿಕೇಶನ್ ಮುಗಿಯೋವರೆಗಾದ್ರೂ ಅದನ್ನ ಕಿತ್ತು ಬಿಸಾಕೋ" ಎಂದು ಕಾಲು ಹಿಡಿಯುವುದೊಂದು ಬಾಕಿ.

"ಕಾಯ್ಲೆ ಬಿದ್ದಿರೋವಾಗ ಬುಟ್ಬುಡಕ್ಕಾಯ್ತದೇನ್ಲಾ?" ಎನ್ನುತ್ತಿದ್ದ, ಹಡೆದವನ ಹಾಗೆ.

ಕಾಯಿಲೆ ನಿಜವೇ. ಕಿಟಕಿಯಿಲ್ಲದ ಸ್ಟೋರ್ ರೂಮಿನಲ್ಲಿ ಎರಡು ಟ್ಯೂಬ್‌ಲೈಟ್ ಹಾಕಿ, ಗೋಡೆಗೆಲ್ಲ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಅಂಟಿಸಿದ್ದ. ಒಳಗೆ ಹೋದರೆ ಮದುವೆ ಮಂಟಪಕ್ಕೆ ಕಾಲಿಟ್ಟ ಹಾಗಿರುತ್ತಿತ್ತು. ಆದರೆ ಗಿಡಗಳು ಗೇಣುದ್ದಕ್ಕೆ ಬಂದು ನಿಂತವು ನಿಂತೇ ಇದ್ದವು. ಎಲೆಯ ತುದಿ ಕಂದಾಗಿ, ಸುಟ್ಟ ಹಪ್ಪಳದಂತೆ ಮುರುಟುತ್ತಿತ್ತು. ಅವನು ಒಂದು ನೋಟ್ ಬುಕ್ಕಿಟ್ಟಿದ್ದ. ತುದಿ ಕಂದು, ಪೊಟ್ಯಾಷ್ ಕೊರತೆಯೇ? ಅಂಚು ಕಂದು, ಮೆಗ್ನೀಷಿಯಂ ಕೊರತೆಯೇ? ಪ್ರತಿ ಪ್ರಶ್ನಾರ್ಥಕ ಚಿಹ್ನೆಗೂ ಒಂದು ಚಮಚ ಪುಡಿ. ಯೂರಿಯಾ ಆಯಿತು, ಮೆಗ್ನೀಷಿಯಂಗೆಂದು ಭೇದಿಯ ಉಪ್ಪಾಯಿತು, ಕಾಲೇಜಿನ ಲ್ಯಾಬಿನಿಂದ ಜೇಬಿಗಿಳಿಸಿದ ಲಿಟ್ಮಸ್ ಕಾಗದವೂ ಆಯಿತು. ನೀರಿನಲ್ಲಿ ಕರಗುವ ಯಾವ ಪದಾರ್ಥವೂ ಆ ಗಿಡಗಳಿಂದ ತಪ್ಪಿಸಿಕೊಳ್ಳಲಿಲ್ಲ. ಅವನ ಲೆಕ್ಕದಲ್ಲಿ ಗಿಡಕ್ಕೆ ಯಾವಾಗಲೂ ಏನೋ ಕಡಿಮೆ ಬಿದ್ದಿರುತ್ತಿತ್ತೇ ಹೊರತು, ಏನಾದರೂ ಜಾಸ್ತಿಯಾಗಿರಬಹುದು ಎಂಬ ಯೋಚನೆ ಆ ಪುಸ್ತಕದಲ್ಲೆಲ್ಲೂ ಇರಲಿಲ್ಲ.

ತುಮಕೂರಿನಲ್ಲಿ ಕೇಳಿದರೆ ಗುರುತು ಹಿಡಿಯುತ್ತಾರೆಂದು ಗುಬ್ಬಿಯ ಗೊಬ್ಬರದ ಅಂಗಡಿಗೆ ಹೋದ. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದ.

"ಟೊಮ್ಯಾಟೊ ಎಲೆ ಕಂದಾಗ್ತಾ ಐತೆ ಯಜಮಾನ್ರೇ, ಎಲೆಯ ಏಳು ಬೆರಳಲ್ಲಿ ಮೂರು ಒಣಗೋಯ್ತು" ಅಂದ.

ಅಂಗಡಿಯವರು ಕನ್ನಡಕ ಕೆಳಗಿಳಿಸಿದರು. "ಟೊಮ್ಯಾಟೊಗೆ ಯಾವಾಗ್ಲಿಂದ ಬೆರಳು ಬಂದ್ವು ಸ್ವಾಮಿ?"

ಬಸ್ ಸ್ಟ್ಯಾಂಡಿನವರೆಗೆ ನಾವಿಬ್ಬರೂ ಓಡಲಿಲ್ಲ. ಓಡದ ಹಾಗೆ ಬಹಳ ಬೇಗ ನಡೆದೆವು.

ಇನ್ನು ಓನರಮ್ಮ. ಅರವತ್ತು ದಾಟಿದ, ಕುಣಿಗಲ್ ಕಡೆಯ ಹೊಲಗದ್ದೆಯಲ್ಲಿ ಬೆಳೆದ ಒಂಟಿ ಹೆಂಗಸು. ಕರೆಂಟ್ ಮೀಟರಿನ ಚಕ್ರ ಹಗಲೂ ರಾತ್ರಿ ಗಾಣದಂತೆ ತಿರುಗುವುದು ನೋಡಿ, ಯಾಕೆಂದು ವಿಚಾರಿಸಲು ಆ ದಿನ ರೂಮಿಗೆ ಬಂದಿದ್ದಾರೆ. ಸ್ಟೋರ್ ರೂಮಿನ ಬಾಗಿಲು ತೆಗೆದಿದ್ದಾರೆ. ಮುಂದಿನದು ನಾನು ಕಂಡದ್ದು.

"ಅಲ್ಲಾ ಕಣ್ರಪ್ಪ, ಚೆಂಡು ಹೂವಿನ ಸಸಿನ ಬಾಣ್ತಿ ಕೂಡ್ಸ್ದಂಗೆ ಕತ್ಲೇಲಿ ಇಕ್ಕಿದ್ರಲ್ಲ! ಡಬ್ಬದ ತಳಕ್ಕೆ ಒಂದು ತೂತಿರ್ಲಿಲ್ಲ, ಬೇರೆಲ್ಲ ಕೊಳ್ತು ನಾರ್ತಾ ಇತ್ತು. ಮಣ್ಣಿನ ಮ್ಯಾಲೆ ಬೆಳ್ಳಗೆ ಉಪ್ಪು. ನೀವು ಗಿಡ ಹಾಕಿದ್ರೋ ಉಪ್ಪಿನಕಾಯಿ ಹಾಕಿದ್ರೋ?"

ಚಿಕ್ಕದಿದ್ದಾಗ ಗಾಂಜಾ, ಚೆಂಡು ಹೂವು ಎರಡರ ಎಲೆಯೂ ನೋಡುವುದಕ್ಕೆ ಒಂದೇ ತರಹ. ಓನರಮ್ಮನ ಕಣ್ಣೂ ಮಂಜಾಗಿತ್ತು. ಮೊಳೆ, ಸುತ್ತಿಗೆ ತೆಗೆದುಕೊಂಡು ಡಬ್ಬಗಳಿಗೆ ತೂತು ಹೊಡೆದಿದ್ದರು, ಮಣ್ಣು ಬದಲಾಯಿಸಿದ್ದರು, ಬಿಸಿಲಿಗಿಟ್ಟಿದ್ದರು. ಎಲ್ಲ ಮುಗಿದಿತ್ತು. ನಮ್ಮ ಸಸ್ಯಶಾಸ್ತ್ರಿ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ. ಭಯದಿಂದ ಎಂದುಕೊಂಡೆ. ಅಲ್ಲ.

"ತೂತು ಕಣ್ಲಾ! ಬರೀ ತೂತು! ಮೂರು ವರ್ಷದ ಸಿಲಬಸ್ನಲ್ಲಿ ಯಾರೂ ಹೇಳ್ಲಿಲ್ಲ ಕಣ್ಲಾ!"

"ನನ್ ಕೆಲ್ಸ ಹೋಯ್ತದೆ ಕಣೋ!"

"ನೋಡು, ಆಗ್ಲೇ ತಲೆ ಎತ್ತವೆ."

ಇಳಿಸಿ ಎನ್ನಲು, ಯಾಕೆಂದು ಹೇಳಬೇಕು. ಕದಿಯೋಣವೆಂದರೆ ಓನರಮ್ಮ ಹಗಲೆಲ್ಲ ಜಗಲಿಯ ಮೇಲೆ ಕೂತು ರಾಗಿ ಹಸನು ಮಾಡುತ್ತಿದ್ದರು. ಸಂಜೆಯಾಗುತ್ತಲೇ ಹೂವಿನ ಕಳ್ಳರ ಕಾಟವೆಂದು ಡಬ್ಬಗಳನ್ನು ನಡುಮನೆಯೊಳಗಿಟ್ಟು ಬೀಗ ಹಾಕುತ್ತಿದ್ದರು. ಆ ಬಂದೋಬಸ್ತು ಜಿಲ್ಲಾ ಖಜಾನೆಗೂ ಇದ್ದಿರಲಾರದು. ಗಿಡಗಳು ವಾರಕ್ಕೊಂದು ಗೇಣಿನಂತೆ ಬೆಳೆದವು. ಬೀದಿಯವರು ನಿಂತು ಮೆಚ್ಚಿದರು. ಒಂದನ್ನು ಓನರಮ್ಮ ಕುಣಿಗಲ್ಲಿನ ಮಗಳ ಮನೆಗೆ ಸರ್ಕಾರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದು ಕೊಟ್ಟುಬಂದರು. ನಾವಿಬ್ಬರೂ ಮಾತ್ರ ನಿದ್ದೆ ಮರೆತೆವು. ಬೀದಿಯಲ್ಲಿ ಬುಲೆಟ್ ಮೋಟಾರ್ ಸೈಕಲಿನ ಸದ್ದಾದರೆ ನಾನು ಚಾಪೆಯ ಮೇಲೆ ಎದ್ದು ಕೂರುತ್ತಿದ್ದೆ. ಈಗಲೂ ಹಬ್ಬದ ಸಂತೆಯಲ್ಲಿ ಚೆಂಡು ಹೂವಿನ ಸಸಿ ಕಂಡರೆ ಪಕ್ಕದ ಸಾಲಿಗೆ ದಾಟಿಕೊಳ್ಳುತ್ತೇನೆ.

ಒಂದು ಗುರುವಾರ ಅವರು ಬಂದರು. ಬುಲೆಟ್ಟಿನಲ್ಲಲ್ಲ, ಸೈಕಲ್ಲಿನಲ್ಲಿ. ನಡುವಯಸ್ಸಿನ ಪೇದೆ, ಕಂಕುಳಲ್ಲಿ ಫೈಲು. ಗಿಡಗಳ ಪಕ್ಕದಲ್ಲೇ ಸೈಕಲ್ ಒರಗಿಸಿದರು. ಓನರಮ್ಮ ಕಾಫಿ ಕೊಟ್ಟರು.

"ಹುಡುಗ ಹೆಂಗಮ್ಮ?"

"ಚಿನ್ನದಂತ ಹುಡುಗ ಸ್ವಾಮಿ. ಇಬ್ರೂ ಅಷ್ಟೇಯ. ಕುಡಿಯಲ್ಲ, ಸೇದಲ್ಲ. ನೋಡಿ, ಹೂವಿನ ಗಿಡ ಹಾಕವ್ರೆ."

ಪೇದೆ ತಿರುಗಿ ನೋಡಿದರು. ಲೋಟ ಗೋಡೆಯ ಮೇಲಿಟ್ಟರು. ಒಂದೆಲೆಯನ್ನು ಎರಡು ಬೆರಳಲ್ಲಿ ಹೊಸಕಿ ಮೂಸಿದರು. ಆ ಮೂಸುವಿಕೆ ನನ್ನ ತಲೆಯಲ್ಲಿ ಇಂದಿಗೂ ನಡೆಯುತ್ತಲೇ ಇದೆ. ಒಮ್ಮೊಮ್ಮೆ ಐದು ನಿಮಿಷ, ಒಮ್ಮೊಮ್ಮೆ ಅರ್ಧ ಗಂಟೆ. ನನ್ನ ಗೆಳೆಯನ ತುಟಿ ಅಲುಗಿತು. ದೇವರನ್ನು ನೆನೆಯುತ್ತಿದ್ದಾನೆಂದುಕೊಂಡೆ. ಆಮೇಲೆ ಕೇಳಿದರೆ, ಈ ವ್ಯಕ್ತಿಗೆ ಗಿಡದ ಬಗ್ಗೆ ತಿಳಿವಳಿಕೆ ಇದೆ ಎಂದು ತನ್ನಲ್ಲೇ ಹೇಳಿಕೊಳ್ಳುತ್ತಿದ್ದನಂತೆ.

"ಅಮ್ಮ, ಇದು ಕಾಡು ಚೆಂಡು. ಹೂ ಬುಡೋ ಜಾತಿ ಅಲ್ಲ. ಮೈಗೆ ತಗುಲಿದ್ರೆ ಕೆರೆತ. ಕಿತ್ಬುಡಿ" ಅಂದರು ಪೇದೆ.

"ಅಯ್ಯೋ, ಮಕ್ಳಂಗೆ ಸಾಕಿದ್ನಲ್ಲಪ್ಪ! ಹೋಗ್ಲಿ, ನೀರೊಲೆಗೆ ಹಾಕ್ತೀನಿ."

"ಒಲೆಗೆ ಬ್ಯಾಡಾ ಕಣಮ್ಮಾ!" ಪೇದೆ ಕೂಗಿದ ರಭಸಕ್ಕೆ ಲೋಟ ಉರುಳಿತು. "ಹೂಳ್ಬೇಕು. ಹೂಳ್ತಾರೆ ಇವ್ರು."

ಅವರ ಕಣ್ಣೆದುರೇ ಹಿತ್ತಲಲ್ಲಿ ಗುಂಡಿ ತೆಗೆದು ಮೂರನ್ನೂ ಮುಚ್ಚಿದೆವು. ಸೈಕಲ್ ತಳ್ಳಿಕೊಂಡು ಹೊರಟವರು ನನ್ನನ್ನು ಗೇಟಿನಾಚೆಗೆ ಕರೆದರು.

"ಗ್ವಾಡೆ ಮ್ಯಾಲೆ ನಾಕು ಡಬ್ಬದ ಗುರುತೈತಲ್ಲ. ನಾಕನೇದು ಎಲ್ಲಿ?"

"ಕುಣಿಗಲ್ಲಲ್ಲಿ ಸಾರ್. ಅವ್ರ ಮಗಳ ಮನೇಲಿ."

"ಕೇಸ್ ಹಾಕುದ್ರೆ ಫಸ್ಟು ಆ ಯಮ್ಮುನ್ನ ಕೋರ್ಟಿಗೆ ಎಳೀಬೇಕು. ಮನೆ ಆಯಮ್ಮುಂದು. ಅದುಕ್ಕೇ ಸುಮ್ನಿದೀನಿ, ನಿಮ್ಮ ಮಖ ನೋಡ್ಕೊಂಡಲ್ಲ. ಸೋಮವಾರ ರಿಪೋರ್ಟ್ ಬರೀತೀನಿ. ಅಷ್ಟೊತ್ಗೆ ನಾಕನೇದೂ ಇರ್ಬಾರ್ದು. ಇದ್ರೆ ಇದ್ದಂಗೇ ಬರೀತೀನಿ."

ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಕುಣಿಗಲ್ಲಿಗೆ ಹೊರಟೆವು. ಗಿಡ ತೋಟಕ್ಕೆ ಸೇರಿದ್ದರೆ? ಎದೆಮಟ್ಟ ಬಂದಿದ್ದರೆ? ಕಡ್ಡಿ ಮುರಿದು ಅಕ್ಕಪಕ್ಕದವರಿಗೆ ಹಂಚಿದ್ದರೆ? ನನ್ನ ಗೆಳೆಯ, ಕಡ್ಡಿಯಿಂದಲೂ ಬೇರೊಡೆಯುತ್ತದೆಂದು ದಾರಿಯುದ್ದಕ್ಕೂ ವಿವರಿಸಿ ನನಗೆ ಸಮಾಧಾನ ಹೇಳಿದ.

ಬಾಗಿಲು ತೆಗೆದ ಮಗಳು, ಅಮ್ಮನ ರೂಮಿನ ಹುಡುಗರೆಂದು ಹೇಳಿದ ಕೂಡಲೇ ಸೆರಗಿನ ತುದಿ ಬಾಯಿಗಿಟ್ಟುಕೊಂಡರು.

"ಅಮ್ಮ ಗಿಡ ನೋಡ್ಕೊಂಡು ಬನ್ನಿ ಅಂದ್ರಾ? ಅಣ್ಣ, ದಮ್ಮಯ್ಯ, ಅವ್ರಿಗೆ ಹೇಳ್ಬೇಡಿ."

ಒಳಗೆ ಕರೆದರು. ಕಿಟಕಿ ಮುಚ್ಚಿದ ನಡುಮನೆ, ಟೀವಿ, ಅದರ ಪಕ್ಕ ಕ್ರೋಶಾ ಬಟ್ಟೆಯ ಮೇಲೆ ಹೊಸ ಬಣ್ಣದ ಪ್ಲಾಸ್ಟಿಕ್ ಕುಂಡ. ಕುಂಡದಲ್ಲಿ ಬುಡದಿಂದ ತುದಿಯವರೆಗೆ ಕಂದಾಗಿ, ಮುಟ್ಟಿದರೆ ಪುಡಿಯಾಗುವ ಒಂದು ಕಡ್ಡಿ.

"ಆ ತೂತಿನ ಡಬ್ಬ ಚೆನ್ನಾಗಿರ್ಲಿಲ್ಲ ಅಂತ ಇದಕ್ಕೆ ಹಾಕ್ದೆ. ದಿನಾ ಎರಡೊತ್ತು ನೀರು ಹಾಕ್ದೆ. ಸೊರಗ್ತಾ ಇದೆ ಅಂತ ಯೂರಿಯಾನೂ ಹಾಕ್ದೆ ಅಣ್ಣ."

ಗೆಳೆಯ ಕುಂಡ ಎತ್ತಿ ತಳ ನೋಡಿದ. ತೂತಿರಲಿಲ್ಲ. ನೋಟ್ ಬುಕ್ಕಿಗಾಗಿ ಅವನ ಕೈ ಜೇಬಿಗೆ ಹೋಯಿತು. ಅವನ ಕಾಲು ತುಳಿದೆ.

"ನೀವು ಮಾಡಿದ್ದೆಲ್ಲ ಸರಿಯಾಗೇ ಇದೆ ಅಕ್ಕ" ಅಂದೆ. ನನ್ನ ಇಡೀ ಜೀವಮಾನದಲ್ಲಿ ಅಷ್ಟು ಮನಸಾರೆ ಯಾರನ್ನೂ ಹೊಗಳಿದ್ದಿಲ್ಲ. ಕಡ್ಡಿಯನ್ನು ಬೇರುಸಮೇತ ಕಿತ್ತು, ಅವರ ಹಿತ್ತಲ ತಿಪ್ಪೆಯೊಳಗೆ ಮೊಣಕೈವರೆಗೆ ಕೈ ಹಾಕಿ ಹುಗಿದೆ. ಆ ದಿನ ಸಂಜೆ ತುಮಕೂರಿಗೆ ವಾಪಸ್ಸಾಗಿ, ಪೇದೆಯವರನ್ನು ಠಾಣೆಯ ಹೊರಗಿನ ಟೀ ಅಂಗಡಿಯಲ್ಲಿ ಹುಡುಕಿ ಹೇಳಿದೆ.

"ಕಿತ್ರಾ?"

"ಅದೇ ಹೋಗಿತ್ತು ಸಾರ್. ಎಲೆ ಕಂದಾಗಿ."

"ನೀರು ಜಾಸ್ತಿಯಾಗಿರ್ಬೇಕು" ಅಂದು ಟೀ ಊದಿಕೊಂಡರು. "ಹೋಗು, ಮಲ್ಕೋ."

ಹೋಗಿ ಮಲಗಿದೆವು. ಬೀದಿಯಲ್ಲಿ ಬುಲೆಟ್ ಹೋಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಸೋಮವಾರ, ಕಾಂಪೌಂಡ್ ಗೋಡೆಯ ಮೇಲೆ ಬಿಸಿಲು ಬಂದು ಬಹಳ ಹೊತ್ತಾಗಿತ್ತು.