ಹಗ್ಗ ನೋಡುತ್ತಿದ್ದ ಖಾಜಾಸಾಬ್ ಮೇಷ್ಟ್ರು

1993ರಲ್ಲಿ, ಏಳನೇ ಕ್ಲಾಸಿಗೇ, ನಾನು ಶಾಲೆ ಬಿಟ್ಟೆ. ಆಮೇಲೆ ಲೆಕ್ಕದ ಮೇಷ್ಟ್ರುಗಳ ಕಣ್ಣಿಗೆ ಬೀಳದೆ ದುಡಿದು ಬದುಕಿದವನು. ಕುರುಗೋಡಿನ ನನ್ನ ಗೋಡೌನಿನ ಎದುರು ಮನೆಗೆ ನಿವೃತ್ತರಾದ ಖಾಜಾಸಾಬ್ ಮೇಷ್ಟ್ರು ಬಂದ ಮೇಲೆ ಅದು ತಪ್ಪಿತು. ಭಾರದ ಮಷೀನು ಇಳಿಸುವುದು, ಏರಿಸುವುದು ನನ್ನ ಕಸುಬು. ನಾವು ಕಂಬಕ್ಕೆ ಹಗ್ಗ ಸುತ್ತಿ ಭಾರ ಬಿಡುವಾಗ ಅವರು ಕುರ್ಚಿ ಎಳೆದುಕೊಂಡು ಕೂತು, ಮನುಷ್ಯರನ್ನು ಬಿಟ್ಟು ಹಗ್ಗವನ್ನೇ ನೋಡುವರು. ಲೇಬರ್ ಆಫೀಸಿಗೆ ಸುದ್ದಿ ಮುಟ್ಟಿಸುವವರೇನೋ ಎಂದುಕೊಂಡೆ.

ಒಮ್ಮೆ ಅವರೇ ಮಾತು ತೆಗೆದರು. "ಎರ್ರಿಸ್ವಾಮಿ, ವರ್ಷಕ್ಕ ಒಂದು ರೂಪಾಯಿ ಎರಡಾಗೋ ಬಡ್ಡಿ ಐತಿ ಅನ್ಕೊ. ಆ ಬಡ್ಡಿನ ತಿಂಗಳ ತಿಂಗಳ ಅಸಲಿಗೆ ಸೇರಿಸಿದ್ರ? ದಿನಾ ಸೇರಿಸಿದ್ರ? ಕಣ್ಣು ಪಿಳುಕಿಸಿದಾಗೊಮ್ಮೆ ಸೇರಿಸಿದ್ರ?"

"ಊರೇ ಬರಕೊಡಬೇಕಾಗತ್ರಿ."

"ಇಲ್ಲಪ. ಎರಡೂ ಮುಕ್ಕಾಲರ ಒಳಗ ನಿಂತುಬಿಡ್ತೈತಿ. ಎರಡು ಪಾಯಿಂಟ್ ಏಳು ಒಂದು ಎಂಟು, ಮುಂದ ಮುಗಿಯಂಗಿಲ್ಲ. ಹಿಂದಕ ಬಡ್ಡಿ ಲೆಕ್ಕ ಹಾಕೋರಿಗೆ ಸಿಕ್ಕ ಸಂಖ್ಯೆ ಅದು. 'ಇ' ಅಂತಾರ. ಇದ್ದಷ್ಟಕ್ಕ ತಕ್ಕಂಗ ಬೆಳಿಯೋದು ಎಲ್ಲಿ ಐತೋ ಅಲ್ಲೆಲ್ಲ ಅದು ಇರ್ತೈತಿ. ನಿನ್ನ ಹಗ್ಗದಾಗೂ ಐತಿ."

ಬಡ್ಡಿ ಅಂದದ್ದೇ ನನಗೆ ಖಾತ್ರಿಯಾಯಿತು: ಯಾವುದೋ ಫೈನಾನ್ಸಿನ ಏಜೆಂಟು.

ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಹಳೇ ಬಾಯ್ಲರ್ ಇಳಿಸುವ ದಿನ ಮೇಷ್ಟ್ರು ತಾವೂ ಲಾರಿ ಹತ್ತಿದರು. ಇಳಿಜಾರಿನ ಕೆಳಗೆ ನಿಂತು ದಾರಿ ತೋರಿಸುತ್ತಿದ್ದವನು ನನ್ನ ಹೆಂಡತಿಯ ತಮ್ಮ ತಿಪ್ಪಣ್ಣ. ಕಂಬಕ್ಕೆ ಒಂದು ಸುತ್ತು, ಹಿಂದೆ ಎಂಟು ಜನ. ಭಾರ ಹೆಚ್ಚಾದರೆ ಜನ ಹೆಚ್ಚಿಸುವುದೇ ನಮ್ಮ ಪದ್ಧತಿ. ಸುತ್ತು ಹೆಚ್ಚಿಸಿದರೆ ಹಗ್ಗ ಕಚ್ಚಿಕೊಳ್ಳುತ್ತದೆ ಎಂಬ ಭಯ.

"ಇನ್ನೆರಡು ಸುತ್ತು ಹಾಕಪ," ಅಂದರು ಮೇಷ್ಟ್ರು.

"ಸಾರ್, ನೀವು ನೆಳ್ಳಾಗ ಕುಂದರ್ರಿ."

ಹಗ್ಗ ಜಾರಿತು. ಎಂಟೂ ಜನ ನೆಲ ಗೀರುತ್ತ ಮುಂದೆ ಬಂದರು. ಅಡ್ಡ ಇಟ್ಟ ದಿಮ್ಮಿಗೆ ತಾಗಿ ಬಾಯ್ಲರ್ ನಿಂತಾಗ ತಿಪ್ಪಣ್ಣನಿಗೂ ಅದಕ್ಕೂ ನಡುವೆ ಒಂದು ಗೇಣು.

ಮೇಷ್ಟ್ರು ದನಿ ಏರಿಸಲಿಲ್ಲ. "ಒಂದು ಸುತ್ತಿಗೆ ಹಿಡಿತ ಆರು ಪಟ್ಟು ಅನ್ಕೊ. ಎರಡನೇದಕ್ಕ ಹನ್ನೆರಡಲ್ಲ, ಮೂವತ್ತಾರು. ಮೂರನೇದಕ್ಕ ಅದರ ಆರು ಪಟ್ಟು, ಬಡ್ಡಿಗೆ ಬಡ್ಡಿ ಬೆಳದಂಗ. ಆಮ್ಯಾಲ ಒಬ್ಬನ ಸಾಕು."

ತಿಪ್ಪಣ್ಣನನ್ನು ಈಚೆ ಕರೆದು, ಇನ್ನೆರಡು ಸುತ್ತು ಹಾಕಿಸಿ, ಯಾರನ್ನೂ ನಂಬದೆ ನಾನೊಬ್ಬನೇ ಹಿಡಿದೆ. ಸಡಿಲ ಬಿಟ್ಟಷ್ಟೇ ಬಾಯ್ಲರ್ ಇಳಿಯಿತು.

"ಇನ್ನ ನಮಗ ಪಗಾರ ಕೊಡಂಗಿಲ್ಲೇನಲೇ ಇಂವ," ಎಂದು ಹಿಂದಿನಿಂದ ಯಾರೋ ಅಂದರು. ಬಾಯ್ಲರ್ ನೆಲಕ್ಕೆ ಕೂತ ಮೇಲೂ ನಂಬಿಕೆ ಬರದೆ, ಹಗ್ಗ ಎಲ್ಲಾದರೂ ಸಿಕ್ಕಿಕೊಂಡಿದೆಯೋ ಎಂದು ನಾನು ಕಂಬದ ಹಿಂದೆ ಹೋಗಿ ತಡವಿದೆ.

ಮೇಷ್ಟ್ರು ಬಳ್ಳಾರಿಯ ಮಗಳ ಮನೆಗೆ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಯೇಬಿಟ್ಟೆ. "ಖರೆ ಹೇಳ್ರಿ ಸಾರ್, ನನ್ನ ಹಿಂದ ಯಾಕ ಬಿದ್ದಿದ್ರಿ?"

"ಬೋರ್ಡಿನ ಮ್ಯಾಲ ಆ 'ಇ' ಬರಕೋತ ಸರ್ವೀಸ್ ಮುಗೀತಪ. ಕಣ್ಣಾರೆ ನೋಡಿದ್ದಿಲ್ಲ. ನಿನ್ನ ಕಂಬದಾಗ ಕಂಡ್ತು."

ದುಡ್ಡೋ ಏನೋ ಕೇಳುತ್ತಾರೆಂದು ಬಸ್ಸು ಹೊರಡುವತನಕ ಕಾದೆ. ಏನೂ ಕೇಳಲಿಲ್ಲ. ಹೋದ ವರ್ಷ ಬಳ್ಳಾರಿಯಲ್ಲೇ ತೀರಿಕೊಂಡರು.

ಈಗ ನನಗೆ ಒಂದು ಕ್ರೇನು, ಎರಡು ಲಾರಿ, ಹನ್ನೊಂದು ಜನ ಆಳು. ಅವರಲ್ಲಿ ತಿಪ್ಪಣ್ಣನೂ ಒಬ್ಬ.