ದೂರದ ಕಣ್ಣು, ಬಾಗಿಲ ಕಾಲು

ಇವತ್ತು ಬೆಳಿಗ್ಗೆ ಔರಾದ ಬಸ್‌ಸ್ಟ್ಯಾಂಡಿನಲ್ಲಿ ಬೀದರ ಬಸ್ಸು ಹತ್ತುವಾಗ, ಸೀಟು ಎಲ್ಲಿದೆ ಎಂದು ಮೆಟ್ಟಿಲ ಮೇಲೆಯೇ ನಿಂತು ನೋಡಿದೆ. ಹಿಂದಿನಿಂದ ಕಂಡಕ್ಟರ್ ಕೂಗಿದ: "ಅಕ್ಕಾ, ಬಾಗಲದಾಗ ನಿಂದ್ರಬ್ಯಾಡ್ರಿ, ಒಳಗ ನಡೀರಿ!" ನನಗೆ ನಗು ತಡೆಯಲಾಗಲಿಲ್ಲ. ಪಕ್ಕದ ಸೀಟಿನ ಅಜ್ಜಿ ನನ್ನನ್ನೊಮ್ಮೆ ನೋಡಿ ತನ್ನ ಚೀಲವನ್ನು ಹತ್ತಿರ ಎಳೆದುಕೊಂಡಳು. ಏನು ಮಾಡಲಿ ಹೇಳಿ, ಇದೇ ಮಾತಿನ ಬೈಗುಳ ತಿಂದು ತಿಂದೇ ನಾನು ಮನುಷ್ಯಳಾದದ್ದು.

ನಾನು ಪೊಲೀಸಿನವಳು. ಯಾರಾದರೂ ಜನರನ್ನು ಮನೆಯೊಳಗೆ ಒತ್ತೆ ಇಟ್ಟುಕೊಂಡರೆ ಬಿಡಿಸಲು ಹೋಗುವ ವಿಶೇಷ ಪಡೆಗೆ ಆ ಬೈಗುಳದ ಕಾಲಕ್ಕೆ ಹೊಸದಾಗಿ ಸೇರಿದ್ದೆ. ಅಲ್ಲಿ ಎರಡು ಕೆಲಸ: ದೂರದಲ್ಲಿ ಮಲಗಿ ದುರ್ಬೀನಿನ ಬಂದೂಕು ಹಿಡಿದು ಕಾಯುವುದು ಒಂದು, ಬಾಗಿಲು ದೂಡಿ ಒಳಗೆ ನುಗ್ಗುವುದು ಇನ್ನೊಂದು. ದೊಡ್ಡ ಊರುಗಳಲ್ಲಿ ಇದಕ್ಕೆ ಅವರು, ಅದಕ್ಕೆ ಇವರು ಎಂದು ಬೇರೆ ಬೇರೆ ಜನ ಇರುತ್ತಾರಂತೆ. ನಮ್ಮದು ಬೆರಳೆಣಿಕೆಯ ಮಂದಿಯ ಪಡೆ, ಎಲ್ಲರಿಗೂ ಎರಡೂ ಬರಬೇಕು. ಕೊನೆಯ ಪರೀಕ್ಷೆಯಲ್ಲಿ ಒಂದು ಕೈಕೊಟ್ಟರೂ ಮರಳಿ ಠಾಣೆಗೆ, ಸರ್ಕಲ್ಲಿನ ಬಿಸಿಲಿಗೆ. ಅಯ್ಯೋ, ನನಗೆ ಅದು ಬೇಡವೇ ಬೇಡವಾಗಿತ್ತು! ಆ ಪಡೆಯಲ್ಲಿ ಉಳಿಯಬೇಕೆಂಬ ಆಸೆ ನನ್ನನ್ನು ಜ್ವರದಂತೆ ಹಿಡಿದಿತ್ತು.

ಬಂದೂಕಿನ ಕೆಲಸ ನನಗೆ ಕಲಿಸುವ ಮುಂಚೆಯೇ ಬರುತ್ತಿತ್ತು ಎನ್ನಬೇಕು. ನಮ್ಮೂರು ಎಕಂಬಾದ ಬಯಲಿನಲ್ಲಿ ಅಪ್ಪನ ಕುರಿ ಕಾದು ಬೆಳೆದವಳು ನಾನು. ದೂರದ ಜಾಲಿ ಮರೆಯಲ್ಲಿ ತೋಳ ಅಲ್ಲಾಡಿತೋ ಗಾಳಿ ಅಲ್ಲಾಡಿತೋ ಎಂದು ಗಂಟೆಗಟ್ಟಲೆ ಕಣ್ಣು ನೆಟ್ಟು ಕೂತು ರೂಢಿ. ಇರುವೆ ಕಚ್ಚಿದರೂ ಕದಲುತ್ತಿರಲಿಲ್ಲ. ಜಂಬವೂ ಬೇಕಾದಷ್ಟಿತ್ತು, ಸುಳ್ಳು ಯಾಕೆ ಹೇಳಲಿ.

ಜಂಬ ಇಳಿದದ್ದು ಬಾಗಿಲಿನಲ್ಲಿ. ಭಾಲ್ಕಿಯ ಹೊರಗೆ ಮುಚ್ಚಿಹೋದ ಹತ್ತಿ ಜಿನ್ನಿನ ಶೆಡ್ಡಿನೊಳಗೆ ತಟ್ಟಿ ಕಟ್ಟಿ, ಹಳೆಯ ಚೌಕಟ್ಟು ನಿಲ್ಲಿಸಿ ಕೋಣೆಗಳನ್ನು ಮಾಡಿದ್ದರು. ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ನುಗ್ಗಬೇಕು. ಬಾಗಿಲಲ್ಲಿ ನಿಂತವರು ಸತ್ತಂತೆಯೇ ಲೆಕ್ಕ. ನನಗೋ, ಹೊಸ್ತಿಲು ತುಳಿಯಬಾರದೆಂದು ಅವ್ವ ಚಿಕ್ಕಂದಿನಲ್ಲಿ ಕಲಿಸಿದ್ದು ಕಾಲಿಗೇ ಅಂಟಿಬಿಟ್ಟಿತ್ತು. ಎಷ್ಟು ಜೋರಾಗಿ ಓಡಿ ಬಂದರೂ ಹೊಸ್ತಿಲ ಮುಂದೆ ತಡೆದು, ಕೆಳಗೆ ನೋಡಿ, ದೊಡ್ಡದಾಗಿ ಕಾಲೆತ್ತಿ ದಾಟುತ್ತಿದ್ದೆ. ನನ್ನಂತೆಯೇ ಹೊಸದಾಗಿ ಸೇರಿ ನನ್ನ ಹಿಂದೆ ನುಗ್ಗುತ್ತಿದ್ದ ಗೌತಮಿ ಬಂದು ಢಿಕ್ಕಿ ಹೊಡೆಯುತ್ತಿದ್ದಳು.

ನಮಗೆ ಕಲಿಸುತ್ತಿದ್ದ ರಾಚಪ್ಪ ಉಸ್ತಾದರು ಸೊಂಟದ ಮೇಲೆ ಕೈಯಿಟ್ಟು ಕೇಳಿದರು: "ಯಾಕವ್ವಾ, ಬೀಗರ ಮನಿಗಿ ಬಂದೀಯೇನು? ಕಾಲ ತೊಳಿಲಾಕ ನೀರು ಕೊಡ್ಲೇನು? ಬಾಗಲದಾಗ ನಿಂದ್ರಬ್ಯಾಡ, ಒಳಗ ನಡಿ!"

ಹಟ ಹಿಡಿದು ಹಗಲೆಲ್ಲ ಬಾಗಿಲನ್ನೇ ಅಭ್ಯಾಸ ಮಾಡಿದೆ. ಆದದ್ದೇನು? ಬಂದೂಕೂ ಕೆಟ್ಟಿತು. ನುಗ್ಗಿ ನುಗ್ಗಿ ಮೈಗೆ ಅವಸರ ಹತ್ತಿ, ದುರ್ಬೀನಿಗೆ ಕಣ್ಣಿಟ್ಟರೆ ಎದೆ ಡವಡವ. ಗುಂಡುಗಳು ಗುರಿಹಲಗೆ ಬಿಟ್ಟು ಊರೆಲ್ಲ ತಿರುಗತೊಡಗಿದವು. ಗೌತಮಿಯದು ಇದಕ್ಕೆ ತೀರಾ ಉಲ್ಟಾ. ಬಾಗಿಲಿನಲ್ಲಿ ಆಕೆ ಗಾಳಿ, ಬಂದೂಕು ಹಿಡಿದು ಮಲಗಿಸಿದರೆ ಮಾತ್ರ ಚಡಪಡಿಕೆ.

ಒಂದು ರವಿವಾರ ಆಕೆ ನನ್ನನ್ನು ಔರಾದದ ತನ್ನ ಮನೆಗೆ ಎಳೆದೊಯ್ದಳು. ಪಡಸಾಲೆಯಿಂದ ಅಡುಗೆಮನೆಗೆ ಇಬ್ಬರೂ ನುಗ್ಗಿದ್ದೇ ನುಗ್ಗಿದ್ದು. ಒಳಗೆ ರೊಟ್ಟಿ ಬಡಿಯುತ್ತಿದ್ದ ಆಕೆಯ ತಾಯಿ ತಲೆಯೆತ್ತಿ, "ರೊಟ್ಟಿ ಬೇಕಿದ್ರ ಬಾಯಿ ಬಿಟ್ಟು ಕೇಳ್ರವ್ವಾ, ಹಿಂಗ ಕಳ್ಳರಂಗ ಯಾಕ ಬರ್ತೀರಿ?" ಎಂದರು. ನಾವು ನಕ್ಕು ನಕ್ಕು ಗೋಡೆಗೆ ಒರಗಿದೆವು. ಆಮೇಲೆ ಬಿಸಿರೊಟ್ಟಿ ಮುರಿಯುತ್ತ ಗೌತಮಿ ಕೇಳಿದಳು: "ಬಂದೂಕ ಹಿಡ್ದಾಗ ನೀ ಎಲ್ಲಿ ನೋಡ್ತಿ?"

"ಗುರಿ ಕಡಿ."

"ಮತ್ತ ಬಾಗಲದಾಗ ಕಾಲ ಯಾಕ ನೋಡ್ತಿ? ಮೂಲಿ ನೋಡು. ಕಾಲ ತಾವೇ ಬರ್ತಾವ."

ಬಂದವು ನೋಡಿ! ದೂರದ ಮೂಲೆಗೆ ಕಣ್ಣು ನೆಟ್ಟೆ, ಹೊಸ್ತಿಲು ಯಾವಾಗ ದಾಟಿದೆನೋ ಗೊತ್ತೇ ಆಗಲಿಲ್ಲ. ಖುಷಿಗೆ ಆ ತಾಯಿಯನ್ನು ಅಪ್ಪಿಕೊಂಡುಬಿಟ್ಟೆ. ಅವರ ಕೈಯ ಹಿಟ್ಟೆಲ್ಲ ನನ್ನ ಬೆನ್ನಿಗಾಯಿತು. ಬದಲಿಗೆ ನಾನು ಗೌತಮಿಗೆ ಉಸಿರು ಬಿಟ್ಟು ಕಾಯುವುದನ್ನು ಕಲಿಸಿದೆ.

ಪರೀಕ್ಷೆಯ ದಿನ ಶೆಡ್ಡಿನ ಬಾಗಿಲಲ್ಲಿ ನುಗ್ಗುವ ಸರದಿಯನ್ನು ನಾನು ಮೊದಲೇ ಮುಗಿಸಿದ್ದೆ, ಎಲ್ಲಿಯೂ ತಡೆಯದೆ. ಆಮೇಲೆ ಎದುರಿನ ಮಾಳಿಗೆಯ ಮೇಲೆ ಖಾಲಿ ಬಂದೂಕು ಹಿಡಿದು ಮಲಗಿದೆ. ಕಿಟಕಿಯಲ್ಲಿ ಕಳ್ಳನ ಬೊಂಬೆ ಕಂಡ ಕೂಡಲೇ ಟ್ರಿಗರ್ ಎಳೆಯಬೇಕು, ಅದರ ಮೇಲೆಯೇ ನನ್ನ ಪಾಸು–ಫೇಲು. ಕೆಳಗೆ ಗೌತಮಿ ಬಾಗಿಲಿಗೆ ಅಂಟಿ ನಿಂತಿದ್ದಳು. ಆಕೆ ಒಳಗೆ ನುಗ್ಗಿದ ಕ್ಷಣದಲ್ಲೇ ಬೊಂಬೆ ಕಿಟಕಿಗೆ ಬಂತು, ದುರ್ಬೀನಿನ ನಟ್ಟನಡುವೆ, ಕಣ್ಣಿಗೆ ಒತ್ತಿಕೊಂಡಂತೆ. ಬೆರಳು ಬಿಗಿಯಿತು. ಆದರೆ ನಾನು ಎಳೆಯಲಿಲ್ಲ. ಒಂದು ಉಸಿರು ಬಿಟ್ಟೆ. ಅಷ್ಟರಲ್ಲಿ ಬೊಂಬೆ ಸರಿದುಹೋಯಿತು.

ಉಸ್ತಾದರು ಏಣಿ ಹತ್ತಿ ಬಂದರು, ಮುಖ ಕೆಂಪಾಗಿತ್ತು. "ಕೈಯಾಗ ಸಿಕ್ಕಿತ್ತಲ್ಲ, ಯಾಕ ಹೊಡಿಲಿಲ್ಲ?"

ಮುಗಿಯಿತು ನನ್ನ ಕಥೆ ಎಂದುಕೊಂಡೆ. ಆದರೂ ಹೇಳಿದೆ: "ಗೌತಮಿ ಆಗೇ ಒಳಗ ಹೋಗಿದ್ಳ್ರಿ. ಎಡಕ್ಕ ಹೊಳ್ಳಿದ್ರ ಆಕಿ ತಲಿ ಬೊಂಬಿ ಹಿಂದೇ ಬರ್ತಿತ್ರಿ."

"ನಡುವ ಗೋಡಿ ಅದ. ನಿನಗ ಹ್ಯಾಂಗ ಕಾಣಿಸ್ತು?"

"ಕಣ್ಣಿಗಿ ಕಾಣಲಿಲ್ರಿ ಉಸ್ತಾದ್. ಕಾಲಿಗಿ ಗೊತ್ತಿತ್ರಿ."

ಅವರು ಇಳಿದು ಒಳಗೆ ಹೋದರು. ಕಿಟಕಿಯಲ್ಲಿ ಬೊಂಬೆಯನ್ನು ಮತ್ತೆ ನಿಲ್ಲಿಸಿದರು. ಗೌತಮಿಗೆ, ನುಗ್ಗಿ ಎಡಕ್ಕೆ ತಿರುಗಿದಾಗ ಕಾಲಿಟ್ಟಿದ್ದ ಜಾಗದಲ್ಲೇ ನಿಲ್ಲುವಂತೆ ಹೇಳಿದರು. ದುರ್ಬೀನಿನಲ್ಲಿ ನೋಡಿದರೆ ಬೊಂಬೆಯ ಕಿವಿಯ ಹಿಂದೆಯೇ ಗೌತಮಿಯ ಮುಖ. ಕೆಳಗಿನಿಂದ ಉಸ್ತಾದರ ದನಿ ಕೇಳಿತು, ಯಾವತ್ತೂ ಇಲ್ಲದಷ್ಟು ಮೆತ್ತಗೆ: "ಇಳಿದು ಬಾರವ್ವಾ. ನೀ ಇಲ್ಲೇ ಇರ್ತಿ." ಆ ಏಣಿಯನ್ನು ಹೇಗೆ ಇಳಿದೆನೋ, ದೇವರಿಗೇ ಗೊತ್ತು.

ಬೀದರ ಬಂದೇಬಿಟ್ಟಿತು. ಇವತ್ತಿನಿಂದ ಹೊಸ ತಂಡಕ್ಕೆ ಉಸ್ತಾದರು ನಾವೇ, ನಾನೂ ಗೌತಮಿಯೂ. ಒಲವಿದ್ದ ಕಡೆಗೆ ಹುಡುಗರನ್ನು ಹಂಚಿಬಿಟ್ಟರೆ ಸಲೀಸು ಎಂದು ನಿನ್ನೆಯವರೆಗೂ ನಾನೇ ವಾದ ಮಾಡುತ್ತಿದ್ದೆ; ಕಂಡಕ್ಟರನ ಆ ಒಂದು ಕೂಗು ದಾರಿಯುದ್ದಕ್ಕೂ ಹಳೆಯದನ್ನೆಲ್ಲ ನೆನಪಿಸಿತ್ತು. ಮೈದಾನದಲ್ಲಿ ಗೌತಮಿ ಆಗಲೇ ಅವರನ್ನು ಎರಡು ಸಾಲು ಮಾಡಿ ನಿಲ್ಲಿಸಿದ್ದಳು.

"ನೀ ಅಂದಂಗೇ ಮಾಡೀನಿ," ಎಂದಳು. "ಬಂದೂಕ ಬೇಕು ಅನ್ನೋರು ಈ ಕಡಿ, ಬಾಗಲ ಬೇಕು ಅನ್ನೋರು ಆ ಕಡಿ. ಬಂದೂಕಿನವರನ್ನ ನೀ ಕರ್ಕೊಂಡು ಹೋಗು."

"ಇಲ್ಲ," ಎಂದೆ. "ಬಂದೂಕಿನವರು ನಿನ್ನ ಬಾಗಲಕ್ಕ ಬರ್ಲಿ. ಬಾಗಲದವರನ್ನ ನನಗ ಕೊಡು."

ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೈದಾನವೆಲ್ಲ ಕೇಳುವಂತೆ ನಕ್ಕು, ಸೀಟಿ ಊದಿದಳು.