ತುಂಗಮ್ಮನವರ ಪೈಲಟ್ ವಾಚು

ಮೂಡಿಗೆರೆಯ ಕಲ್ಲೇಶ್ ಮೂವತ್ತು ವರ್ಷ ಕಾಫಿ ವ್ಯಾಪಾರ ಮಾಡಿದವರು. ತಿರುಳು ತೆಗೆದು ಒಣಹಾಕಿದ ಕಾಫಿಬೀಜ, ಅಂದರೆ ಪಾರ್ಚ್‌ಮೆಂಟನ್ನು, ಬೊಗಸೆಯಲ್ಲಿ ಹಿಡಿದರೆ ಸಾಕು, ಸರಿಯಾಗಿ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಅವರು ಮಾಲು ನೋಡುವಾಗ ತೋಟದವರು ಬಾಯಿ ಬಿಡುವಂತಿರಲಿಲ್ಲ. ಕಥೆ ಕೇಳಿದರೆ ಕಣ್ಣು ಕೆಡುತ್ತದೆ ಅನ್ನುವುದು ಅವರ ಹಟ. ವ್ಯಾಪಾರ ಬಿಟ್ಟ ಮೇಲೆ ಹಳೆಯ ಪೈಲಟ್ ವಾಚುಗಳ ಹುಚ್ಚು ಹತ್ತಿತು, ಹಟವೂ ಜೊತೆಗೇ ಬಂತು. ಕಪ್ಪು ಮುಖ, ಕೈಗವಸು ಹಾಕಿಕೊಂಡೇ ತಿರುಗಿಸಬಹುದಾದ ದಪ್ಪ ಕೀ, ಅಂಥದು ಎಲ್ಲಿದೆ ಎಂದರೆ ಅಲ್ಲಿಗೆ ಹೋಗುವರು, ನಿಂತದ್ದನ್ನು ತಾವೇ ರಿಪೇರಿ ಮಾಡುವರು. ಮುಳ್ಳು ಬದಲಾಗಿದೆಯೇ, ಅಂಕಿಗಳಿಗೆ ಮತ್ತೆ ಬಣ್ಣ ಬಳಿದಿದ್ದಾರೆಯೇ, ಸ್ಕ್ರೂ ತಲೆ ಸವೆದಿದೆಯೇ, ಎಲ್ಲ ನೋಡಿ ಒಂದು ಮಾತು ಹೇಳಿದರೆ ಮುಗಿಯಿತು. ಒಂದು ಸಲವೂ ತಪ್ಪಿಲ್ಲ ಎಂದು ಜನ ಹೊಗಳಿದರೆ ಆಸಾಮಿ ಉಬ್ಬಿಹೋಗುತ್ತಿದ್ದರು.

ಹೋದ ಮಾರ್ಚಿನಲ್ಲಿ ಜಾವಳಿಯ ತುಂಗಮ್ಮ, ಎಂಬತ್ತು ದಾಟಿದವರು, ಮೊಮ್ಮಗಳು ರೂಪಶ್ರೀಯ ಕಾರಿನಲ್ಲಿ ಕಲ್ಲೇಶರ ಮನೆಗೆ ಬಂದರು. ಕರವಸ್ತ್ರದ ಗಂಟು ಬಿಚ್ಚಿ ವಾಚನ್ನು ಮೇಜಿನ ಮೇಲಿಟ್ಟರು. ನಿಂತುಹೋಗಿದೆ, ಓಡುವ ಹಾಗೆ ಮಾಡಿಕೊಡು ಎಂದವರು ಇನ್ನೂ ಏನೋ ಹೇಳಲು ಹೊರಟರು. ಕಲ್ಲೇಶ್ ಕೈಯೆತ್ತಿ ತಡೆದರು. ಅಯ್ಯೋ, ಆ ಕೈ ಅವತ್ತು ಮೇಲೇಳಬಾರದಿತ್ತು.

ಹಿಂದಿನ ಮುಚ್ಚಳ ಬಿಚ್ಚಿ ಭೂತಗನ್ನಡಿ ಹಿಡಿದು ನೋಡಿದರು. ಖುಷಿಯೋ ಖುಷಿ. ಒಂದು ಸ್ಕ್ರೂ ಕೂಡ ಬದಲಾಗಿರಲಿಲ್ಲ.

"ಇಂಥದು ನಾನು ನೋಡೇ ಇಲ್ಲ ಅಮ್ಮ. ಎಪ್ಪತ್ತನಾಲ್ಕರಲ್ಲಿ ತಯಾರಾದದ್ದು. ಒಳಗಿನ ನಂಬರೇ ಹೇಳ್ತದೆ," ಎಂದರು.

ರೂಪಶ್ರೀ ಮೆಲ್ಲಗೆ ಹೇಳಿದಳು. ಅಜ್ಜಿಯ ತಮ್ಮ ದೇವರಾಜ ಪೈಲಟ್ ಆಗಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ವಿಮಾನದ ಸಮೇತ ಕಾಣೆಯಾದ, ಹೆಣ ಸಿಗಲಿಲ್ಲ. ಸೆರೆ ಸಿಕ್ಕಿರಬೇಕು, ಬದುಕಿದ್ದಾನೆ ಎಂದು ಅಜ್ಜಿ ಊಟ ನಿದ್ದೆ ಬಿಟ್ಟು ಕಂಡಕಂಡವರಿಗೆಲ್ಲ ಕಾಗದ ಬರೆಯುತ್ತಿದ್ದರು. ನಾಲ್ಕು ವರ್ಷ ಕಳೆದ ಮೇಲೆ ಅಜ್ಜ ದೆಹಲಿಗೆ ಹೋಗಿಬಂದು, ಕೊನೆಗೂ ಸಿಕ್ಕ ಅವನ ಹೆಣದ ಕೈಯಲ್ಲಿತ್ತಂತೆ ಎಂದು ಈ ವಾಚು ಕೊಟ್ಟರು. ಕಾಗದ ಬರೆಯುವುದು ಅಂದೇ ನಿಂತಿತು. ತಿಥಿ ಮಾಡಿದರು. ಆಮೇಲೆ ಪ್ರತಿ ವರ್ಷ ಎಡೆಯ ಮುಂದೆ ಈ ವಾಚು ಇರಲೇಬೇಕು.

ಎಪ್ಪತ್ತೊಂದರಲ್ಲಿ ಕಾಣೆಯಾದವನ ಕೈಯಲ್ಲಿ ಎಪ್ಪತ್ತನಾಲ್ಕರ ವಾಚು ಇರಲು ಸಾಧ್ಯವಿಲ್ಲ ಎಂದು ಕಲ್ಲೇಶರಿಗೆ ಆಗ ಹೊಳೆಯಿತು. ಹೆಂಡತಿ ಹಾಗೆ ಸವೆಯುವುದನ್ನು ನೋಡಲಾರದೆ ಆ ಮನುಷ್ಯ ಎಲ್ಲಿಂದಲೋ ಕೊಂಡು ತಂದ ವಾಚು ಇದು. ಅವರು ಸಾಯುವವರೆಗೂ ಬಾಯಿ ಬಿಡದ ಸುಳ್ಳನ್ನು ಇವರು ಐದು ನಿಮಿಷದಲ್ಲಿ ಬಯಲಿಗೆಳೆದಿದ್ದರು. ಹೇಳಿದ ಮಾತನ್ನು ಜನ್ಮದಲ್ಲಿ ಮೊದಲ ಸಲ ನುಂಗಲು ನೋಡಿದರು. ವಯಸ್ಸಾಯಿತು, ಕಣ್ಣು ಮಂಜು, ನಂಬರು ತಪ್ಪಿ ಓದಿದೆ, ಅರವತ್ತನಾಲ್ಕಿರಬೇಕು ಎಂದು ತಡವರಿಸಿದರು.

"ನೀನು ತಪ್ಪು ಹೇಳೋನಲ್ಲ ಮಾರಾಯ. ಊರಿಗೆಲ್ಲ ಗೊತ್ತು," ಎಂದರು ತುಂಗಮ್ಮ.

ವಾಚಿನತ್ತ ಅವರು ಕೈ ಚಾಚಲಿಲ್ಲ. ಮೊಮ್ಮಗಳ ಕಡೆ ತಿರುಗಿದರು.

"ಎಲ್ಲೋ ಜೈಲಲ್ಲಿ ಕೂತು, ಅಕ್ಕ ಹುಡುಕ್ತಾಳೆ ಅಂತ ಕಾಯ್ತಿದ್ನೇನೋ ಕಣೇ. ನಾನಿಲ್ಲಿ ಅವನಿಗೆ ಎಡೆ ಇಡ್ತಿದ್ದೆ."